ಸಂಕ್ರಾಂತಿ ಮುಗೀತು, ವರ್ಷದ ಸಾಮಾನು ತರೋಣ ಬನ್ನಿ

ನಮಸ್ಕಾರ, ಎಲ್ಲರೂ ಹೇಗಿದ್ದೀರಿ? ಇವತ್ತು ಕೆ.ಆರ್. ಮಾರ್ಕೆಟ್ ಕಡೆ ಹೊರಟಿದ್ದೇವೆ. ನಾನು, ನಮ್ಮತ್ತೆ, ಜೊತೆಗೆ ಎರಡು ದೊಡ್ಡ ಚೀಲ. ಸಂಕ್ರಾಂತಿ ಮುಗಿದು ಯುಗಾದಿ ಬರುವುದರೊಳಗೆ ನಮ್ಮ ಮನೆಯಲ್ಲಿ ವರ್ಷದ ಸಾಮಾನು ತಂದುಬಿಡುತ್ತೇವೆ. ತೊಗರಿಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು.

ಈ ಸಲ ಕೈ ಬಿಗಿ ಇದೆ. ನಮ್ಮ ಮನೆಯವರು ಕೆಲಸ ಮಾಡುವ ಕಡೆ ಓವರ್‌ಟೈಮ್ ನಿಂತಿದೆ. ಬಾಡಿಗೆ ಏರಿದೆ, ಸ್ಕೂಲ್ ಫೀಸ್ ಏರಿದೆ. ನೋಡುತ್ತಿರುವ ನಿಮ್ಮಲ್ಲೂ ಎಷ್ಟೋ ಜನರ ಮನೆಯ ಕಥೆ ಇದೇ ಅಂತ ನನಗೆ ಗೊತ್ತು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆ ಕಟ್ಟಿ ದುಡ್ಡು ಉಳಿಸುವುದಕ್ಕೆ ನಾನು ಒಪ್ಪುವುದಿಲ್ಲ. ಮಕ್ಕಳ ಹಾಲು, ಮೊಟ್ಟೆ, ಸೊಪ್ಪಿಗೆ ಕೈ ಹಾಕಬೇಡಿ. ಅದಕ್ಕೂ ಮುಂಚೆ ನೋಡಬೇಕಾದ ಜಾಗ ಬೇಕಾದಷ್ಟಿದೆ. ಅಂಗಡಿಯವರು ಹಾಕಿಟ್ಟಿರುವ ಲೆಕ್ಕ ಒಂದು. ನಾವೇ ಕೂತು ಹಾಕುವ ಲೆಕ್ಕ ಇನ್ನೊಂದು. ಎರಡನೆಯದನ್ನೇ ಇವತ್ತು ತೋರಿಸುತ್ತೇನೆ.

ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಸಿಗುವುದು ಹಾಲಿನ ಪ್ಯಾಕೆಟ್ ಅಲ್ವಾ, ಅಲ್ಲಿಂದಲೇ ಶುರು ಮಾಡೋಣ. ನಂದಿನಿ ನೀಲಿ ಪ್ಯಾಕೆಟ್ ನೋಡಿ. 2024ರ ಜೂನ್‌ಗೆ ಮುಂಚೆ ಅರ್ಧ ಲೀಟರಿಗೆ 22 ರೂಪಾಯಿ ಇತ್ತು. ಆ ಜೂನ್‌ನಲ್ಲಿ 50 ಎಂಎಲ್ ಹಾಲು ಸೇರಿಸಿ 24 ಮಾಡಿದರು. 2025ರ ಏಪ್ರಿಲ್ 1ರಿಂದ ಆ 50 ಎಂಎಲ್ ತೆಗೆದರು. ಆದರೆ ಬೆಲೆ 24ರಲ್ಲೇ ನಿಂತಿತು. ಆವಾಗ ಒಂದು ಲೀಟರಿನ ಪ್ಯಾಕೆಟ್ 46 ಆಯಿತು. ಅಂದರೆ ಎರಡು ಅರ್ಧ ಲೀಟರ್ ತಂದರೆ 48, ಒಂದು ಲೀಟರ್ ತಂದರೆ 46. ದಿನಕ್ಕೆ 2 ರೂಪಾಯಿ, ತಿಂಗಳಿಗೆ 60. ನಮ್ಮ ಮನೆಗೆ ಹೇಗೂ ಒಂದು ಲೀಟರ್ ಬೇಕು. ಹಾಲು ಹಾಕುವ ಹುಡುಗನಿಗೆ ಹೇಳಿ ದೊಡ್ಡ ಪ್ಯಾಕೆಟ್ ಮಾಡಿಸಿಕೊಂಡೆವು. ಹಾಲು ಅಷ್ಟೇ ಇದೆ, ಯಾರ ಲೋಟದಲ್ಲೂ ಕಡಿಮೆಯಾಗಿಲ್ಲ. ಇನ್ನೊಂದು ವಿಷಯ. ಕೆಲವು ಅಂಗಡಿಗಳಲ್ಲಿ ಪ್ಯಾಕೆಟ್ ಮೇಲೆ ಒಂದು ರೂಪಾಯಿ ಜಾಸ್ತಿ ಕೇಳುತ್ತಾರೆ, ಫ್ರಿಜ್‌ನಲ್ಲಿ ಇಟ್ಟಿದ್ದಕ್ಕೆ ಅಂತ. ಎಂಆರ್‌ಪಿ ಮೇಲೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಗ್ರಾಹಕರ ಸಹಾಯವಾಣಿ ನಂಬರ್ 1915, ಬರೆದಿಟ್ಟುಕೊಳ್ಳಿ.

ಈಗ ನೀವು ನೋಡುತ್ತಿರುವುದು ನಮ್ಮ ಬೀದಿಯ ದಿನಸಿ ಅಂಗಡಿಯ ಎಣ್ಣೆ ಸಾಲು. ಈ ಎರಡು ಪ್ಯಾಕೆಟ್ ನೋಡಿ. ಎರಡೂ ಸೂರ್ಯಕಾಂತಿ ಎಣ್ಣೆ, ನೋಡಲು ಒಂದೇ ಗಾತ್ರ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ ತೂಕ. ಎಡಗಡೆಯದರಲ್ಲಿ ಅಷ್ಟಿದೆ. ಬಲಗಡೆಯದರಲ್ಲಿ ಇರುವುದು 800 ಗ್ರಾಂ. ಹಿಂದೆ ಎಣ್ಣೆ, ಬಿಸ್ಕೆಟ್, ಟೀಪುಡಿ, ಸೋಪು ಇಂಥ 19 ಬಗೆಯ ಸಾಮಾನನ್ನು ಇಂತಿಷ್ಟೇ ತೂಕದಲ್ಲಿ ಮಾರಬೇಕು ಅಂತ ನಿಯಮ ಇತ್ತು. ಆ ಪಟ್ಟಿಯನ್ನು ಸರ್ಕಾರ ತೆಗೆದುಹಾಕಿದೆ. ಈಗ ಕಂಪನಿಗಳು ಯಾವ ತೂಕದಲ್ಲಿ ಬೇಕಾದರೂ ಪ್ಯಾಕ್ ಮಾಡಬಹುದು. ಅದರ ಬದಲಿಗೆ ಎಂಆರ್‌ಪಿ ಪಕ್ಕದಲ್ಲೇ ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಬೀಳುತ್ತದೆ ಅಂತ ಅಚ್ಚು ಹಾಕಬೇಕು. ಯೂನಿಟ್ ಸೇಲ್ ಪ್ರೈಸ್ ಅಂತಾರೆ, ಪ್ಯಾಕೆಟ್ ಮೇಲೆ ಯುಎಸ್‌ಪಿ ಅಂತ ಇರುತ್ತದೆ. ತೀರಾ ಸಣ್ಣ ಅಕ್ಷರ. ನಮ್ಮತ್ತೆ ಕನ್ನಡಕ ಹಾಕಿಕೊಂಡು ಓದುತ್ತಾರೆ, ನಾನು ಫೋನ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುತ್ತೇನೆ.

ಉದಾಹರಣೆಗೆ 910 ಗ್ರಾಂ ಪ್ಯಾಕೆಟ್ 150 ರೂಪಾಯಿ, 800 ಗ್ರಾಂ ಪ್ಯಾಕೆಟ್ 138 ಅಂದುಕೊಳ್ಳಿ. ಕೈ ಸೀದಾ 138ರ ಕಡೆಗೇ ಹೋಗುತ್ತದೆ. ಆದರೆ ಕೆಜಿ ಲೆಕ್ಕದಲ್ಲಿ ಮೊದಲನೆಯದು 165ರ ಹತ್ತಿರ ಬಿತ್ತು, ಎರಡನೆಯದು 172 ದಾಟಿತು. ಹನ್ನೆರಡು ರೂಪಾಯಿ ಉಳಿಯಿತು ಅಂತ ಮನೆಗೆ ಬಂದರೆ ಎಣ್ಣೆ ನಾಲ್ಕು ದಿನ ಮುಂಚೆಯೇ ಖಾಲಿ. ಬಿಸ್ಕೆಟ್, ಶಾಂಪೂ, ಪಾತ್ರೆ ತೊಳೆಯುವ ಸೋಪು ಎಲ್ಲದಕ್ಕೂ ಇದೇ ಲೆಕ್ಕ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಂತಲೂ ಇಲ್ಲ. ಶಾಂಪೂ ವಿಷಯದಲ್ಲಿ ಎಷ್ಟೋ ಸಲ ಒಂದು ರೂಪಾಯಿ ಸ್ಯಾಶೆಯೇ ಅಗ್ಗ ಬೀಳುತ್ತದೆ. ಎಂಎಲ್ ನೋಡಿ ಭಾಗಿಸಿದರೆ ಗೊತ್ತಾಗುತ್ತದೆ.

ಮೈಗೆ ಹಾಕುವ ಸೋಪು, ಶಾಂಪೂ, ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಪರ್ಸೆಂಟ್‌ನಿಂದ 5ಕ್ಕೆ ಇಳಿದಿದೆ. ಹಳೇ ಬಿಲ್ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ಬೆಲೆ ಇಳಿದಿಲ್ಲ ಅಂದರೆ ಅಂಗಡಿಯಲ್ಲೇ ಕೇಳಿ, ಕೇಳುವುದರಲ್ಲಿ ಸಂಕೋಚ ಬೇಡ.

ಅಕ್ಕಿ ಮೂಟೆ ಮೇಲೆ 26 ಕೆಜಿ ಅಂತ ಇರುವುದನ್ನು ಗಮನಿಸಿದ್ದೀರಾ? ಮೊದಲೆಲ್ಲ 25 ಕೆಜಿ ಮೂಟೆ ಬರುತ್ತಿತ್ತು. 2022ರ ಜುಲೈ 18ರಿಂದ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು. ಅದಕ್ಕಿಂತ ಜಾಸ್ತಿ ತೂಕದ ಮೂಟೆಗೆ ಇಲ್ಲ, ತೂಗಿ ಕೊಡುವ ಬಿಡಿ ಸಾಮಾನಿಗೂ ಇಲ್ಲ. ಅದಕ್ಕೇ ಆ ಒಂದು ಕೆಜಿ ಸೇರಿಕೊಂಡಿದ್ದು. 5 ಕೆಜಿ ಚೀಲವನ್ನು ಮತ್ತೆ ಮತ್ತೆ ತರುವ ಬದಲು ಪಕ್ಕದ ಮನೆಯವರ ಜೊತೆ ಸೇರಿ ಒಂದು ಮೂಟೆ ಹಾಕಿಸಿಕೊಳ್ಳಿ. ನಾವು ಮೇಲಿನ ಮನೆ ಅಕ್ಕನ ಜೊತೆ ಹಂಚಿಕೊಳ್ಳುತ್ತೇವೆ. ಅರ್ಧ ಅವರಿಗೆ, ಅರ್ಧ ನಮಗೆ.

ಬಸ್ ಬಂತು. ಇಲ್ಲಿ ಒಂದು ಮಾತು ಹೇಳಲೇಬೇಕು. ಮಾರ್ಕೆಟ್‌ಗೆ ಹೋದರೆ ಅಗ್ಗ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಇಬ್ಬರು ಹೋಗಿ ಬರುವ ಬಸ್ ಚಾರ್ಜು ಲೆಕ್ಕ ಹಾಕಿದರೆ ಉಳಿದದ್ದರಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಆ ಖರ್ಚು ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ನಮ್ಮಂಥ ಮನೆಗೆ ಇದು ಎಷ್ಟು ದೊಡ್ಡ ಅನುಕೂಲ ಅನ್ನುವುದು ಭಾರದ ಚೀಲ ಹೊತ್ತವರಿಗೇ ಗೊತ್ತು.

ಮಾರ್ಕೆಟ್‌ನಲ್ಲಿ ಇಳಿದು ನ್ಯೂ ತರಗುಪೇಟೆಗೆ ಬಂದೆವು. ಬೇಳೆಕಾಳಿನ ಮೂಟೆಗಳನ್ನು ಬಾಯಿ ಬಿಚ್ಚಿ ಸಾಲಾಗಿ ಇಟ್ಟಿದ್ದಾರೆ ನೋಡಿ. ಕಲಬುರಗಿ ಕಡೆ ತೊಗರಿ ಕೊಯ್ಲು ಶುರುವಾಗುವುದು ಡಿಸೆಂಬರ್ ಹೊತ್ತಿಗೆ. ಹೊಸ ತೊಗರಿ ಬೇಳೆಯಾಗಿ ಇಲ್ಲಿಗೆ ಬರುವುದು ಈಗ. ಸಾಮಾನ್ಯವಾಗಿ ಬೆಲೆ ಇಳಿಯುವುದೂ ಇದೇ ಸಮಯದಲ್ಲಿ. ಗಣೇಶನ ಹಬ್ಬದಿಂದ ದೀಪಾವಳಿ ಹೊತ್ತಿಗೆ ಹಳೇ ದಾಸ್ತಾನು ಕರಗುತ್ತ ಬರುತ್ತದೆ, ಹಬ್ಬದ ಬೇಡಿಕೆಯೂ ಸೇರುತ್ತದೆ, ಬೆಲೆ ಮೇಲೆ ಹೋಗುತ್ತದೆ. ಪ್ರತಿ ವರ್ಷ ಹೀಗೇ ಅಂತ ಹೇಳಲಾಗುವುದಿಲ್ಲ. 2023ರಲ್ಲಿ ಬರ ಬಂದು ಬೆಳೆ ಕೈಕೊಟ್ಟ ಮೇಲೆ ಬೇಳೆ ಬಹಳ ಕಾಲ ಇಳಿಯಲೇ ಇಲ್ಲ. ಅಂಥ ವರ್ಷ ಹೆಸರುಕಾಳು, ಹುರುಳಿಕಾಳಿನ ಸಾರಿಗೆ ತಿರುಗಬೇಕು ಅಷ್ಟೇ.

ಅಂಗಡಿಯವರು ಎರಡು ಬಗೆ ಬೇಳೆ ತೋರಿಸಿದರು. ಒಂದು ಮಿರಿಮಿರಿ ಮಿಂಚುತ್ತದೆ, ಇನ್ನೊಂದು ಮಂಕಾಗಿದೆ. ನಮ್ಮತ್ತೆ ಮಂಕಾಗಿರುವುದನ್ನೇ ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಪಾಲಿಶ್ ಮಾಡದ ಬೇಳೆ ಇದು. ಹೊಳಪಿಗೆ ದುಡ್ಡು ಕೊಡುವ ಅಗತ್ಯವಿಲ್ಲ. ಒಂದು ಕೆಜಿಗೆ ಹೇಳುವ ರೇಟು, ಹತ್ತು ಕೆಜಿಗೆ ಹೇಳುವ ರೇಟು ಇಲ್ಲಿ ಬೇರೆ ಬೇರೆ. ಮೊದಲೇ ಎಷ್ಟು ಬೇಕು ಅಂತ ಹೇಳಿ, ಆಮೇಲೆ ರೇಟು ಕೇಳಿ.

ವರ್ಷದ ಬೇಳೆ ತಂದರೆ ಹುಳ ಬೀಳುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಮನೆಗೆ ಬಂದ ಮೇಲೆ ಹೀಗೆ ಮಾಡಿದೆವು. ಬೇಳೆಯನ್ನು ಒಳ್ಳೆ ಬಿಸಿಲಿಗೆ ಹರಡಿ, ಸಂಜೆ ಆರಲು ಬಿಟ್ಟು, ಅಂಗೈಗೆ ಒಂದಿಷ್ಟು ಹರಳೆಣ್ಣೆ ಹಾಕಿಕೊಂಡು ಬೇಳೆಗೆಲ್ಲ ಸವರಿ ಡಬ್ಬಕ್ಕೆ ತುಂಬಿದೆವು. ಕೆಜಿಗೆ ಒಂದು ಚಮಚ ಸಾಕು. ಬೇಯಿಸುವ ಮುಂಚೆ ತೊಳೆದರೆ ಆಯಿತು. ಅಕ್ಕಿಗೆ ಒಣಗಿದ ಬೇವಿನ ಸೊಪ್ಪು. ಜಾಗ ಇಲ್ಲ, ಕೈಯಲ್ಲಿ ಒಟ್ಟಿಗೆ ಅಷ್ಟು ದುಡ್ಡಿಲ್ಲ ಅನ್ನುವವರು ಮೂರು ತಿಂಗಳಿಗೆ ಆಗುವಷ್ಟು ತನ್ನಿ. ಸಾಲ ಮಾಡಿ ವರ್ಷದ ಸಾಮಾನು ತರುವುದು ಬೇಡ. ಬಡ್ಡಿ ಕಟ್ಟಿದರೆ ಉಳಿದದ್ದೆಲ್ಲ ಅಲ್ಲಿಗೇ ಹೋಯಿತು.

ಒಣಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೊಸ ಕಾಯಿ ಜೋರಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಕಾಯಿಗೆ ಖಾರ ಜಾಸ್ತಿ, ಬೆಲೆ ಸಾಮಾನ್ಯವಾಗಿ ಕಡಿಮೆ. ಎರಡನ್ನೂ ಬೆರೆಸಿ ಸಾರಿನಪುಡಿ ಮಾಡಿದರೆ ಬಣ್ಣವೂ ಬರುತ್ತದೆ, ಖರ್ಚೂ ತಗ್ಗುತ್ತದೆ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಬೀಜ ಗಲಗಲ ಅನ್ನಬೇಕು. ಮೆತ್ತಗಿದ್ದು ಸದ್ದು ಬರದಿದ್ದರೆ ತೇವ ಇದೆ ಅಂತ ಅರ್ಥ. ನೀರಿನ ತೂಕಕ್ಕೆ ಮೆಣಸಿನಕಾಯಿ ಬೆಲೆ ಕೊಟ್ಟ ಹಾಗಾಗುತ್ತದೆ.

ಹುಣಸೆಹಣ್ಣಿನ ಲೆಕ್ಕ ನನಗೆ ತುಂಬಾ ಇಷ್ಟ. ಬೀಜ ಇರುವುದು ಒಂದು ಬೆಲೆ, ಬೀಜ ತೆಗೆದದ್ದು ಇನ್ನೊಂದು ಬೆಲೆ. ಬೀಜ ಇರುವುದನ್ನೇ ಕೊಂಡರೆ ಅಗ್ಗ ಅಂತ ಅನಿಸುತ್ತದೆ ಅಲ್ವಾ? ಬೀಜ, ನಾರು ಎಲ್ಲ ತೆಗೆದರೆ ಮೂರನೇ ಒಂದು ಭಾಗ ಹೋಯಿತು ಅಂದುಕೊಳ್ಳಿ. ಅಂದರೆ ಬೀಜ ಇರುವುದು 100 ರೂಪಾಯಿ ಆದರೆ ತಿನ್ನುವ ಹಣ್ಣಿಗೆ 150 ಬಿತ್ತು. ಬೀಜ ತೆಗೆದದ್ದು 150ಕ್ಕಿಂತ ಕಡಿಮೆ ಇದ್ದರೆ ಅದನ್ನೇ ತನ್ನಿ, ಕೂತು ಬಿಡಿಸುವ ಶ್ರಮವೂ ತಪ್ಪಿತು. ಅದಕ್ಕಿಂತ ಜಾಸ್ತಿ ಹೇಳಿದರೆ ಬೀಜದ್ದು ತನ್ನಿ. ಈ ಸಲ ನಾವು ಬೀಜದ್ದೇ ತಂದೆವು. ಮಧ್ಯಾಹ್ನ ಚಾಪೆ ಹಾಕಿಕೊಂಡು ಕೂತೆವು. ಹೊಸ ಹಣ್ಣು ಇನ್ನೂ ಕೆಂಪಗಿದೆ, ಬೆರಳಿಗೆ ಅಂಟುತ್ತದೆ. ಬೆನ್ನ ಮೇಲಿನ ನಾರನ್ನು ಎಳೆದರೆ ಒಂದೇ ಎಳೆಯಾಗಿ ಬರಬೇಕು. ಕುಡುಗೋಲಿನ ಮಣೆಯಲ್ಲಿ ಸೀಳಿ ಬೀಜ ಹಾರಿಸುವುದು ನಮ್ಮತ್ತೆ ಕೆಲಸ. ಕಲ್ಲುಪ್ಪು ಬೆರೆಸಿ ಉಂಡೆ ಕಟ್ಟಿ ಪಿಂಗಾಣಿ ಜಾಡಿಗೆ ಒತ್ತಿ ತುಂಬಿದರೆ ವರ್ಷವಿಡೀ ಕೆಡುವುದಿಲ್ಲ.

ಕಾಫಿಪುಡಿ ವಿಷಯಕ್ಕೆ ಬರೋಣ. ದೇಶದ ಕಾಫಿಯಲ್ಲಿ ಸುಮಾರು 70 ಪರ್ಸೆಂಟ್ ಬೆಳೆಯುವುದು ನಮ್ಮ ರಾಜ್ಯದಲ್ಲೇ. ಆದರೂ ಬ್ರೆಜಿಲ್, ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾದರೆ ನಮ್ಮ ಲೋಟಕ್ಕೂ ಬಿಸಿ ತಟ್ಟುತ್ತದೆ. 2025ರಲ್ಲಿ ಶುದ್ಧ ಕಾಫಿಪುಡಿ ಕೆಜಿಗೆ ಸಾವಿರದ ಆಸುಪಾಸಿಗೆ ಹೋಯಿತು. ಇಲ್ಲಿ ನೋಡಬೇಕಾದ್ದು ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಒಂದು ಬೇರಿನ ಪುಡಿ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕನಿಷ್ಠ 51 ಪರ್ಸೆಂಟ್ ಕಾಫಿ ಇರಬೇಕು ಅಂತ ಕಾನೂನು. ಎಷ್ಟಿದೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. 53ಕ್ಕೆ 47 ಇರುವ ಪ್ಯಾಕೆಟ್ ಎಷ್ಟೋ ಇವೆ. ಕಾಫಿ ಕೆಜಿಗೆ 1000, ಚಿಕೋರಿ 250 ಅಂದುಕೊಂಡರೆ ಆ ಪ್ಯಾಕೆಟ್ ಒಳಗಿನ ಮಾಲಿನ ಬೆಲೆ ಕೆಜಿಗೆ 650 ಕೂಡ ಇಲ್ಲ. 80ಕ್ಕೆ 20 ಬೆರೆಸಿದರೆ 850. ಕಾಫಿ ವರ್ಕ್ಸ್‌ಗೆ ಹೋಗಿ ಕಣ್ಣೆದುರೇ ಪುಡಿ ಮಾಡಿಸಿ, ಎಷ್ಟಕ್ಕೆಷ್ಟು ಅಂತ ನೀವೇ ಹೇಳಿ. ಸಾಮಾನ್ಯ ದಿನಕ್ಕೆ 70ಕ್ಕೆ 30 ನಮಗೆ ಸರಿಹೋಗಿದೆ. ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಪುಡಿಯೂ ಕಡಿಮೆ ಸಾಕು. ನೆಂಟರು ಬಂದಾಗಲೂ ಅದೇ ಕಾಫಿ ಕೊಡುತ್ತೇವೆ.

ತೆಂಗಿನಕಾಯಿ 2025ರಲ್ಲಿ ಏರಿದ ಪರಿ ನಿಮಗೆಲ್ಲ ಗೊತ್ತೇ ಇದೆ. ಕಾಯಿ ಇಲ್ಲದೆ ಅಡುಗೆ ಹೇಗೆ ಅಂತ ಕೇಳಬೇಡಿ, ಮಂಡ್ಯ ಕಡೆಯ ಉಪ್ಸಾರಿಗೆ ಕಾಯಿ ಬೇಕಾಗುವುದಿಲ್ಲ. ಕಾಳು, ಸೊಪ್ಪು ಬೇಯಿಸಿದ ಕಟ್ಟು, ಪಕ್ಕಕ್ಕೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಖಾರ, ಬಿಸಿ ಮುದ್ದೆ. ವಾರದಲ್ಲಿ ಎರಡು ದಿನ ಹೀಗೆ ಮಾಡಿದರೆ ಕಾಯಿ ಖರ್ಚು ತಾನಾಗಿ ಇಳಿಯುತ್ತದೆ. ಚಟ್ನಿಗೆ ಕಡಲೆಕಾಯಿ ಬೀಜ, ಹುರಿಗಡಲೆ ಇದ್ದೇ ಇದೆ.

ತರಕಾರಿಗೆ ಹಾಪ್‌ಕಾಮ್ಸ್, ಅಂದರೆ ತೋಟಗಾರಿಕೆ ರೈತರ ಸಹಕಾರ ಸಂಘದ ಅಂಗಡಿ, ಅದರ ಬೋರ್ಡ್ ಮೇಲಿನ ರೇಟು ನೋಡಿಕೊಂಡು ಆಮೇಲೆ ಗಾಡಿಯವರ ಹತ್ತಿರ ಹೋಗುತ್ತೇನೆ. ಚೌಕಾಸಿ ಮಾಡುವುದಕ್ಕಲ್ಲ, ಇವತ್ತು ಯಾವುದು ಅಗ್ಗ ಅಂತ ತಿಳಿಯುವುದಕ್ಕೆ. ದಿನವಿಡೀ ಬಿಸಿಲಿನಲ್ಲಿ ನಿಂತ ಸೊಪ್ಪಿನ ಅಜ್ಜಿ ಹತ್ತಿರ ಎರಡು ರೂಪಾಯಿಗೆ ಜಗ್ಗಾಡುವುದು ನನಗೆ ಸರಿ ಕಾಣುವುದಿಲ್ಲ. ಅವರಿಗೂ ಇದೇ ಕಷ್ಟಕಾಲ. ಉಳಿಸಬೇಕಾದ್ದು ಬೇರೆ ಕಡೆ ಇದೆ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್‌ನಲ್ಲಿ ಒಂದು ಕಟ್ಟು ಕೊತ್ತಂಬರಿ ತರಿಸಿದರೆ ಕೊನೆಯಲ್ಲಿ ಹ್ಯಾಂಡ್ಲಿಂಗ್, ಡೆಲಿವರಿ ಅಂತ ಏನೇನು ಸೇರುತ್ತದೆ, ಆ ಬಿಲ್ ಒಮ್ಮೆ ಪೂರ್ತಿ ಓದಿ ನೋಡಿ. ಡೆಲಿವರಿ ಫ್ರೀ ಆಗಲಿ ಅಂತ ಬೇಡದ ಚಿಪ್ಸ್ ಸೇರಿಸುತ್ತೇವಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫ್ರಿಜ್ ಪಕ್ಕದಲ್ಲಿ ನೇತುಹಾಕಿರುವ ಈ ಪುಸ್ತಕ ನೋಡಿ. ಮನೆಗೆ ಪದೇ ಪದೇ ಬರುವ ಸಾಮಾನಿನ ಹೆಸರು, ತಂದ ತಿಂಗಳು, ಕೆಜಿ ರೇಟು, ಅಷ್ಟೇ ಇದರಲ್ಲಿರುವುದು. ಆಫರ್ ಬೋರ್ಡ್ ಕಂಡಾಗ ಫೋನ್‌ನಲ್ಲಿರುವ ಇದರ ಫೋಟೋ ತೆಗೆದು ನೋಡುತ್ತೇನೆ. ಕಳೆದ ತಿಂಗಳ ರೇಟಿಗಿಂತ ಕಡಿಮೆ ಇದ್ದರೆ ಮಾತ್ರ ಅದು ಆಫರ್.

ಈ ಸಲ ಬರೆಯಬೇಕಾದ ಮೂರು ರೇಟು ಬರೆದಾಯಿತು. ಕಲಬುರಗಿ, ಬೀದರ್, ವಿಜಯಪುರ ಕಡೆಯಿಂದ ನೋಡುತ್ತಿರುವವರು ನಿಮ್ಮಲ್ಲಿ ಹೊಸ ತೊಗರಿಬೇಳೆ ಕೆಜಿಗೆ ಎಷ್ಟಿದೆ ಅಂತ ತಿಳಿಸಿ. ತುಮಕೂರಿನವರು ಹುಣಸೆಹಣ್ಣಿನ ರೇಟು ಹೇಳಿ. ಬೆಂಗಳೂರಿನಲ್ಲಿ ನಾವು ಎಷ್ಟು ಜಾಸ್ತಿ ಕೊಡುತ್ತಿದ್ದೇವೆ ಅನ್ನುವುದು ಎಲ್ಲರಿಗೂ ಗೊತ್ತಾಗಲಿ. ಮುಂದಿನ ವಿಡಿಯೋದಲ್ಲಿ ಈ ಮೆಣಸಿನಕಾಯಿ ಹುರಿದು ಸಾರಿನಪುಡಿ ಮಾಡುತ್ತೇವೆ, ಅಳತೆ ಸಮೇತ ತೋರಿಸುತ್ತೇನೆ.