ಬಚ್ಚಲ ಜಾಲರಿಯಿಂದ ಬಂದ ನೀರು

ಆತ್ಮೀಯ ಕೇಳುಗರಿಗೆ ನಮಸ್ಕಾರ.

2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಮರುದಿನ ಬೆಳಗಿನ ಹೊತ್ತಿಗೆ ನಗರದಲ್ಲಿ 131 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಗಿತ್ತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ಕರೆತಂದರು. ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಗಳ ಒತ್ತುವರಿಯ ಬಗ್ಗೆ ಆಗ ಬಹಳ ಚರ್ಚೆ ನಡೆಯಿತು. ನಡೆಯಲೇಬೇಕಾದ ಚರ್ಚೆ ಅದು. ಆದರೆ ನಮ್ಮ ಮನೆಗೆ ನೀರು ನುಗ್ಗಿದ ದಾರಿ ಬೇರೆ.

ನಮ್ಮ ಮನೆಯ ಹತ್ತಿರ ಕೆರೆಯೂ ಇಲ್ಲ, ರಾಜಕಾಲುವೆಯೂ ಇಲ್ಲ. ಬೀದಿಯ ನೀರು ಆ ರಾತ್ರಿ ಗೇಟನ್ನೂ ದಾಟಲಿಲ್ಲ. ರಸ್ತೆಗಿಂತ ಐದು ಅಡಿ ಕೆಳಗಿರುವ ಬೇಸ್‌ಮೆಂಟಿನ ಸಣ್ಣ ಶೌಚಾಲಯದಲ್ಲಿ ಮೊದಲು ಗುಳುಗುಳು ಸದ್ದು ಕೇಳಿಸಿತು. ಬೆನ್ನಿಗೇ ಬಚ್ಚಲ ಜಾಲರಿಯಿಂದ ಕಪ್ಪು ನೀರು ಉಕ್ಕತೊಡಗಿ, ಅರ್ಧ ಗಂಟೆಯೊಳಗೆ ಮೊಣಕಾಲುದ್ದ ನಿಂತಿತು. ಸಂಪಿನ ಮುಚ್ಚಳವೂ ಅದೇ ನೆಲದ ಮಟ್ಟದಲ್ಲಿದ್ದುದರಿಂದ ಕುಡಿಯುವ ನೀರಿಗೆ ಕೊಳಚೆ ಬೆರೆಯಿತು. ಅದನ್ನೆಲ್ಲ ಹೊರಗೆ ಚೆಲ್ಲಿ, ಸಂಪನ್ನು ತಿಕ್ಕಿ ತೊಳೆದು, ಬ್ಲೀಚಿಂಗ್ ಪುಡಿ ಹಾಕಿ ಕಾದರೆ, ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಪಂಪಿಂಗ್ ಕೇಂದ್ರವೇ ಮುಳುಗಿ ಕಾವೇರಿ ನೀರಿನ ಸರಬರಾಜು ನಿಂತಿತ್ತು. ಸುತ್ತಲೂ ನೀರಿದ್ದರೂ ಅನ್ನಕ್ಕೆ ಎಸರಿಡಲು ಕ್ಯಾನಿನ ನೀರನ್ನು ಕೊಂಡು ತರಬೇಕಾಯಿತು.

ಪ್ಲಂಬರ್ ಬಂದು ಮನೆ ಮುಂದಿನ ಛೇಂಬರ್ ತೆರೆದಾಗ ಕಾರಣ ತಿಳಿಯಿತು. ಯುಜಿಡಿ ಎಂದು ನಾವು ಕರೆಯುವ ಒಳಚರಂಡಿಯನ್ನು ಹಾಕಿರುವುದು ಶೌಚಾಲಯ, ಬಚ್ಚಲು, ಅಡುಗೆಮನೆಗಳ ನೀರಿಗೆ ಮಾತ್ರ. ಮಳೆನೀರು ರಸ್ತೆ ಬದಿಯ ಚರಂಡಿಗೆ ಹೋಗಬೇಕು. ಆದರೆ ಮನೆ ಕಟ್ಟುವಾಗ ತಾರಸಿಯ ಪೈಪನ್ನು ಹತ್ತಿರದ ಛೇಂಬರಿಗೇ ಜೋಡಿಸಿಬಿಡುವುದು ಎಷ್ಟೋ ಬೀದಿಗಳಲ್ಲಿ ನಡೆದಿದೆ. ನಮ್ಮ ಮನೆಯಲ್ಲೂ ಹಾಗೆಯೇ ಆಗಿತ್ತು. ಅದು ಎಲ್ಲಿಗೆ ಸೇರುತ್ತದೆಂದು ಇಷ್ಟು ವರ್ಷ ನಾವು ಕೇಳಿಯೇ ಇರಲಿಲ್ಲ. 1,200 ಚದರಡಿಯ ಒಂದು ತಾರಸಿಯ ಮೇಲೆ ಆ ರಾತ್ರಿಯಷ್ಟು ಮಳೆ ಬಿದ್ದರೆ ಸುಮಾರು 14,600 ಲೀಟರ್ ನೀರಾಗುತ್ತದೆ. ಬೀದಿಯ ಹತ್ತಾರು ತಾರಸಿಗಳ ನೀರು ಒಂದೇ ಕೊಳವೆಗೆ ಇಳಿದರೆ ಕೊಳವೆ ತುಂಬಿ, ಎಲ್ಲಕ್ಕಿಂತ ತಗ್ಗಿನಲ್ಲಿ ತೆರೆದಿರುವ ಬಾಯಿಯಿಂದ ನೀರು ಹೊರಬರುತ್ತದೆ. ನಮ್ಮ ಬೀದಿಯಲ್ಲಿ ಆ ಬಾಯಿ ನಮ್ಮ ಬೇಸ್‌ಮೆಂಟಿನ ಜಾಲರಿಯಾಗಿತ್ತು.

ಆ ರಾತ್ರಿಯ ಒಂದು ಸಂಗತಿಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಮೀಟರ್ ಬೋರ್ಡು ಕೆಳಗೇ ಇತ್ತು. ಸಂಪಿನ ಮೋಟಾರನ್ನು ಉಳಿಸಲೆಂದು ನಮ್ಮ ಯಜಮಾನರು ಮೆಟ್ಟಿಲಿಳಿಯುತ್ತಿದ್ದಾಗ ಪಕ್ಕದ ಮನೆಯ ಹಿರಿಯರು ಕೂಗಿ ತಡೆದರು. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಹಾಕುವ ವೇಳೆ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಅವರಲ್ಲಿ ಒಬ್ಬ ಬಾಲಕ. ಕಾರು, ಮೋಟಾರು ಏನು ಮುಳುಗುತ್ತಿದ್ದರೂ ಸರಿ, ಬೆಸ್ಕಾಂನವರು ಹೊರಗಿನಿಂದ ವಿದ್ಯುತ್ ಸಂಪರ್ಕ ಕಡಿತಗೊಳಿಸುವವರೆಗೆ ಆ ನೀರಿಗೆ ಕಾಲಿಡಬೇಡಿ.

ಬಳಿಕ ನಾವು ಛೇಂಬರಿನಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆವು. ನೀರು ಹಿಂದಕ್ಕೆ ಒತ್ತಿದಾಗ ಅದರ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೂದಲು, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಮುಂಗಾರಿಗೆ ಮೊದಲೇ ತೆಗೆಸಿ ತೊಳೆಸುತ್ತೇವೆ. ಮುಚ್ಚಿಕೊಂಡಿರುವಷ್ಟು ಹೊತ್ತು ನಮ್ಮ ಮನೆಯ ನೀರಿಗೂ ಹೊರದಾರಿ ಇಲ್ಲ. ಆಗ ಮೇಲಿನ ಮಹಡಿಯಲ್ಲಿ ನಲ್ಲಿ ತಿರುಗಿಸಿದರೆ ಕೆಳಗಿನ ಬಚ್ಚಲಲ್ಲಿ ಉಕ್ಕುತ್ತದೆ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಸಂಪಿನ ಬಾಯಿಗೆ ಎರಡು ಅಡಿಯ ಕಟ್ಟೆ ಕಟ್ಟಿಸಿ, ಮೀಟರ್ ಬೋರ್ಡನ್ನು ಮೇಲಕ್ಕೆ ತಂದೆವು. ತಾರಸಿಯ ಪೈಪನ್ನು ಛೇಂಬರಿನಿಂದ ಬಿಡಿಸಿ ಇಂಗುಗುಂಡಿಗೆ ತಿರುಗಿಸಿದೆವು. ಬೆಂಗಳೂರಿನಲ್ಲಿ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸುವ ಕಾನೂನು 2009ರಲ್ಲೇ ಬಂದಿತ್ತು. ನಾವು ಎಚ್ಚೆತ್ತುಕೊಳ್ಳಲು ಬೇಸ್‌ಮೆಂಟು ತುಂಬಬೇಕಾಯಿತು.

ನಮ್ಮ ಬೀದಿಯ ಹದಿನಾಲ್ಕು ಮನೆಗಳ ಪೈಕಿ ಒಂಬತ್ತು ಮನೆಯವರು ಇದುವರೆಗೆ ತಾರಸಿಯ ಪೈಪನ್ನು ಬೇರ್ಪಡಿಸಿದ್ದಾರೆ. ಉಳಿದ ಐವರ ಮನೆಗೆ ಈ ಭಾನುವಾರ ಪ್ಲಂಬರನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ನಮಸ್ಕಾರ.