ಒಂಬತ್ತು ಗಂಟೆಯ ಗುಬ್ಬಕ್ಕ

ಇದು ಜೂನ್ ತಿಂಗಳಲ್ಲಿ ತೆಗೆದ ವಿಡಿಯೊ. ಸಮಯ ರಾತ್ರಿ 8 ಗಂಟೆ 50 ನಿಮಿಷ. ಹೊರಗೆ ಮಳೆ. ನೀವು ನೋಡುತ್ತಿರುವುದು ಬೆಂಗಳೂರಿನ ವಿಜಯನಗರದ ನಮ್ಮ ಮನೆಯ ಮಲಗುವ ಕೋಣೆ. ಸೊಳ್ಳೆ ಪರದೆಯೊಳಗೆ ಗುಡ್ಡದಂತೆ ಎದ್ದಿರುವ ಹೊದಿಕೆಯ ಕೆಳಗೆ ನನ್ನ ಮಗನಿದ್ದಾನೆ. ವಯಸ್ಸು ನಾಲ್ಕು. ಅವನ ಮುಖ ತೋರಿಸುವುದಿಲ್ಲ, ಹೊರಗೆ ಚಾಚಿರುವ ಕಾಲು ಸಾಕು. ಹೆಬ್ಬೆರಳನ್ನು ಗಮನಿಸಿ. ನಿದ್ದೆ ಬಂದವರ ಹೆಬ್ಬೆರಳು ಹೀಗೆ ತಾಳ ಹಾಕುವುದಿಲ್ಲ.

ಇನ್ನೆರಡು ನಿಮಿಷದಲ್ಲಿ ನೀರು ಕೇಳುತ್ತಾನೆ.

ಕೇಳಿದ. ಲೋಟ ಸ್ಟೀಲಿನದೇ ಆಗಬೇಕು, ಅದರ ಮೇಲೆ ಅಜ್ಜಿಯ ಹೆಸರು ಕೊರೆದಿರಬೇಕು. ಕುಡಿಯುವುದು ಎರಡೇ ಗುಟುಕು. ನೀರು ಕುಡಿದ ಮೇಲೆ ಉಚ್ಚೆ, ಅದು ನ್ಯಾಯವೇ. ಬಚ್ಚಲಿಗೆ ಹೋಗಿ ಬಂದ ಮೇಲೆ ಕಾಲು ಒದ್ದೆ, ಒರೆಸಬೇಕು. ಒರೆಸುವಾಗ ಮೊಣಕಾಲಿನ ಮೇಲೆ ಹದಿನೈದು ದಿನಗಳ ಹಿಂದೆ ಮಾಯ್ದ ಗಾಯ ಕಣ್ಣಿಗೆ ಬಿದ್ದು ಮತ್ತೆ ನೋಯತೊಡಗುತ್ತದೆ. ಮಳೆ ಇಲ್ಲದ ದಿನವಾದರೆ ಅಷ್ಟರಲ್ಲಿ ಬೀದಿಯಲ್ಲಿ ಕುಲ್ಫಿ ಗಾಡಿಯ ಗಂಟೆ. ಅದು ಕೇಳಿಸಿತೆಂದರೆ ಇನ್ನರ್ಧ ಗಂಟೆ ಹೋಯಿತೆಂದೇ ಲೆಕ್ಕ.

ಕಾಗಕ್ಕ ಗುಬ್ಬಕ್ಕನ ಕಥೆ ನಿಮಗೆ ಗೊತ್ತಿರುತ್ತದೆ. ಮಳೆಗೆ ಕಾಗಕ್ಕನ ಸಗಣಿ ಮನೆ ಕರಗಿಹೋಗುತ್ತದೆ. ನೆನೆಯುತ್ತಾ ಬಂದು ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ತಾಳು, ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ. ತಾಳು, ನೀರು ಹಾಕುತ್ತಿದ್ದೇನೆ. ತಾಳು, ತೊಟ್ಟಿಲಿಗೆ ಹಾಕುತ್ತಿದ್ದೇನೆ. ನನ್ನ ಅಮ್ಮ ಮೊಮ್ಮಗನಿಗೆ ಇದನ್ನು ದಿನವೂ ಹೇಳುತ್ತಾರೆ. ಮಲಗಲಿ ಎಂದು ಹೇಳುವ ಕಥೆಯಿಂದಲೇ ಅವನು ಮಲಗದಿರುವ ವಿದ್ಯೆ ಕಲಿತಿದ್ದಾನೆ ಎಂಬುದು ನನಗೆ ಹೊಳೆದದ್ದು ಈಚೆಗೆ. ಅವನು ಒಳಗೆ ಬೆಚ್ಚಗಿರುವ ಗುಬ್ಬಕ್ಕ. ಊಟವೂ ಮಾಡದೆ ಹೊಸ್ತಿಲಲ್ಲಿ ನಿಂತ ಕಾಗಕ್ಕ ನಾನು.

ಏನೇನು ಮಾಡಿದೆವು ಎಂದರೆ, ಮೊದಲು ಗದರಿದೆ. ಆಮೇಲೆ ಗುಮ್ಮನನ್ನು ಕರೆದೆ, ಅದೊಂದು ದಡ್ಡತನ. ಗುಮ್ಮ ಬರುವ ಕೋಣೆಯಲ್ಲಿ ಯಾರಿಗೆ ತಾನೇ ನಿದ್ದೆ ಬರುತ್ತದೆ? ವಾರವಿಡೀ ದೀಪ ಆರಿಸಲು ಬಿಡಲಿಲ್ಲ. ಮಗುವನ್ನು ಅದರ ಕೋಣೆಯಲ್ಲಿ ಮಲಗಿಸಿ, ಅತ್ತರೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮುಖ ತೋರಿಸಿ ಬರುವ ಒಂದು ಕ್ರಮವಿದೆ. ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ 1985ರಲ್ಲಿ ಅದನ್ನು ಮನೆಮಾತಾಗಿಸಿದರು. ಕ್ರಮದ ಮೇಲೆ ನನಗೆ ತಕರಾರಿಲ್ಲ. ಆದರೆ ‘ಅದರ ಕೋಣೆ’ ಎಂಬಲ್ಲಿಯೇ ನಾವು ಮುಗ್ಗರಿಸಿದೆವು. ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ನಾವು ಮೂವರು. ಮೊಮ್ಮಗನ ಅಳುವನ್ನು ಅಮ್ಮ ಐದು ನಿಮಿಷ ಸುಮ್ಮನೆ ಕೇಳಿಸಿಕೊಂಡು ಕುಳಿತಿರುತ್ತಾರೆ ಎಂದುಕೊಂಡರೆ, ನಿಮಗೆ ನನ್ನ ಅಮ್ಮನ ಪರಿಚಯವಿಲ್ಲ.

ಗಂಟು ಬಿಡಿಸಿದವಳು ನನ್ನ ಹೆಂಡತಿ. ಇದೋ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವಳು ಪೆನ್ಸಿಲಿನಿಂದ ಹಾಕಿದ ಲೆಕ್ಕ. ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಹಗಲಿನ ನಿದ್ದೆಯೂ ಸೇರಿ. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆ ಇದು. ಹಗಲಿನ ನಿದ್ದೆಯೂ ಸೇರಿ ಎಂಬ ಮಾತನ್ನು ನಾನು ಓದಿಯೇ ಇರಲಿಲ್ಲ. ನಮ್ಮವನು ಡೇ ಕೇರ್‌ನಲ್ಲಿ ಒಂದೂವರೆಯಿಂದ ನಾಲ್ಕರವರೆಗೆ ಮಲಗುತ್ತಿದ್ದ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಒಂಬತ್ತು ಗಂಟೆ. ಒಟ್ಟು ಹನ್ನೊಂದೂವರೆ. ಒಂದು ನಿಮಿಷವೂ ಬಾಕಿಯಿಲ್ಲ. ನಾವು ಎಂಟೂವರೆಗೇ ಮಲಗು ಎಂದು ಹಟ ಹಿಡಿದಿದ್ದೆವಲ್ಲ, ಅದನ್ನು ಕೂಡಿದರೆ ಬರೋಬ್ಬರಿ ಹದಿಮೂರು. ಹೊಟ್ಟೆ ತುಂಬಿದವನನ್ನು ಎಲೆಯ ಮುಂದೆ ಕೂರಿಸಿ ಉಣ್ಣು ಉಣ್ಣು ಎಂದು ಗದರಿದ ಹಾಗಾಯಿತು.

ಇನ್ನೊಂದು ಬಾಬತ್ತು ಇತ್ತು, ಅದು ನಾನೇ. ಮೆಟ್ರೋದ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ತಿಯಾದಾಗಿನಿಂದ ವೈಟ್‌ಫೀಲ್ಡಿನಲ್ಲಿ ಹತ್ತಿದವನು ವಿಜಯನಗರದಲ್ಲಿಯೇ ಇಳಿಯುತ್ತೇನೆ. ಆದರೂ ಮನೆಯ ಗಂಟೆ ಒತ್ತುವಾಗ ಎಂಟೂಕಾಲು. ಒಳಗಿನಿಂದ ಓಡಿ ಬರುವ ಕಾಲಿನ ಸದ್ದು ನನಗೆ ಲಿಫ್ಟಿನ ಬಳಿಗೇ ಕೇಳಿಸುತ್ತದೆ. ಕಾಲು ತೊಳೆದುಕೊಂಡು ಬಂದು ಅವನನ್ನು ಎತ್ತಿ ಮಂಚದ ಮೇಲೆ ಎಸೆಯುವುದು, ಅವನು ಇನ್ನೊಮ್ಮೆ ಎನ್ನುವುದು, ಇನ್ನೊಮ್ಮೆ ಎಸೆಯುವುದು. ಎಂಟೂವರೆಗೆ ಮುಖ ಗಂಟಿಕ್ಕಿಕೊಂಡು ಮಲಗು ಎನ್ನುವುದು. ದಿನವೆಲ್ಲ ಕಾದವನಿಗೆ ಹದಿನೈದೇ ನಿಮಿಷದ ಅಪ್ಪ. ನಾನಾಗಿದ್ದರೂ ನೀರು ಕೇಳುತ್ತಿದ್ದೆ.

ಈ ಎಸೆದಾಟ ನಡೆಯುತ್ತಿದ್ದದ್ದು ಟ್ಯೂಬ್‌ಲೈಟಿನ ಕೆಳಗೆ. ಕೊಲರಾಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನವಿದೆ. ಮೂರರಿಂದ ಐದು ವರ್ಷದ ಹತ್ತು ಮಕ್ಕಳು. ಮಲಗುವ ಹೊತ್ತಿಗೆ ಮುಂಚೆ ಒಂದು ಗಂಟೆ ಅವರನ್ನು ಪ್ರಖರವಾಗಿ ಬೆಳಗುವ ಮೇಜಿನ ಮೇಲೆ ಆಡಲು ಬಿಟ್ಟರು. ನಿದ್ದೆಗೆ ಮೈಯನ್ನು ಅಣಿಗೊಳಿಸುವ ಮೆಲಟೋನಿನ್ ಸುಮಾರು ಶೇಕಡ 88ರಷ್ಟು ಕುಸಿಯಿತು. ನಮ್ಮ ಟ್ಯೂಬ್‌ಲೈಟ್ ಅಷ್ಟು ಪ್ರಖರವಲ್ಲ, ಒಪ್ಪಿದೆ. ಈಗ ಊಟವಾದೊಡನೆ ಅದನ್ನು ಆರಿಸಿ ದೇವರ ಕೋಣೆಯ ಹಳದಿ ದೀಪವೊಂದನ್ನೇ ಉಳಿಸುತ್ತೇವೆ. ಮೆಲಟೋನಿನ್ ಏನಾಯಿತೋ ಕಾಣುವುದಿಲ್ಲ, ಮನೆಯವರ ದನಿಯಂತೂ ಇಳಿದಿದೆ.

ಡೇ ಕೇರ್‌ನ ಆಯಮ್ಮನನ್ನು ಕೇಳಿಕೊಂಡೆವು, ಮೂರಕ್ಕೇ ಎಬ್ಬಿಸುತ್ತಾರೆ. ಮಲಗುವ ಹೊತ್ತನ್ನು ನಾವೇ ಒಂಬತ್ತೂ ಮುಕ್ಕಾಲಿಗೆ ತಳ್ಳಿ, ಅವನು ತಕರಾರಿಲ್ಲದೆ ಮಲಗುವುದನ್ನು ಕಂಡ ಮೇಲೆ ವಾರಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ಎಳೆದೆವು. ಒಂಬತ್ತಕ್ಕೆ ಬಂದು ನಿಂತಿದೆ. ಅದಕ್ಕಿಂತ ಹಿಂದಕ್ಕೆ ಎಳೆಯುವ ಆಸೆ ಅಮ್ಮನಿಗಿದೆ, ನನಗಿಲ್ಲ.

ಇನ್ನು ಇದು, ಚೀಟಿ. ಅಮೆರಿಕದ ಮನಃಶಾಸ್ತ್ರಜ್ಞ ಪ್ಯಾಟ್ರಿಕ್ ಫ್ರೈಮನ್ ಮತ್ತು ಸಂಗಡಿಗರು 1999ರಲ್ಲಿ ಬರೆದ ಉಪಾಯ. ಮಲಗುವಾಗ ಮಗುವಿನ ಕೈಗೆ ಒಂದು ಚೀಟಿ. ಅದನ್ನು ಕೊಟ್ಟರೆ ಒಂದು ಕೋರಿಕೆ ನಡೆಯುತ್ತದೆ, ಆಮೇಲೆ ಆ ರಾತ್ರಿಗೆ ಏನೂ ಇಲ್ಲ. ಅವರು ಪರೀಕ್ಷಿಸಿದ್ದು ಇಬ್ಬರೇ ಹುಡುಗರ ಮೇಲೆ. ನಮಗೆ ಒಬ್ಬನೇ ಇದ್ದಾನೆ. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಕತ್ತರಿಸಿದೆ. ಗಣಪತಿ ಇರುವ ಭಾಗಕ್ಕೆ ಕತ್ತರಿ ಹಾಕಬೇಡ ಎಂದು ಅಮ್ಮ ಹೇಳಿದ್ದರಿಂದ ಚೀಟಿಯ ಮೇಲೆ ಊಟದ ವೇಳೆ ಮಾತ್ರ ಅಚ್ಚಾಗಿದೆ: ಮಧ್ಯಾಹ್ನ 12.30ಕ್ಕೆ.

ಮೊದಲ ರಾತ್ರಿ ಎರಡೇ ನಿಮಿಷದಲ್ಲಿ ನೀರಿಗೆ ಖರ್ಚು ಮಾಡಿದ. ಆಮೇಲೆ ಅತ್ತ, ಸಾಕಷ್ಟು ಅತ್ತ. ಎರಡನೆಯ ರಾತ್ರಿಯೂ ನೀರಿಗೇ ಹೋಯಿತು. ಮೂರನೆಯ ರಾತ್ರಿ ಚೀಟಿಯನ್ನು ದಿಂಬಿನ ಕೆಳಗೆ ಇಟ್ಟು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಾ, ಯಾವುದಕ್ಕೆ ಖರ್ಚು ಮಾಡಲಿ ಎಂದು ಯೋಚಿಸುತ್ತಲೇ ನಿದ್ದೆ ಹೋದ. ಅಂಗೈಯಲ್ಲಿ ಅಚ್ಚೊತ್ತಿದ ರಟ್ಟಿನ ಮೂಲೆಯನ್ನು ಬೆಳಿಗ್ಗೆ ನೋಡಿದೆ.

ಇದು ನಿನ್ನೆ ರಾತ್ರಿಯದು. ಚಿತ್ರ ಸರಿಯಾಗಿ ಕಾಣದು, ದೀಪ ಆರಿಸಿದ್ದೆವು. ಪರದೆಯ ಅಂಚಿನಿಂದ ಒಂದು ಪುಟ್ಟ ಕೈ, ಅದರಲ್ಲಿ ಚೀಟಿ. ನಾನು ನೀರಿನ ಲೋಟಕ್ಕೆ ಕೈ ಹಾಕಿದೆ.

“ನೀರು ಬೇಡ ಅಪ್ಪ. ಮಳೆ ಬಂದ ದಿನ ಕಾಗಕ್ಕ ಎಲ್ಲಿ ಮಲಗಿದಳು?”

ನನ್ನಲ್ಲಿ ಉತ್ತರವಿರಲಿಲ್ಲ. ಪಕ್ಕದ ಕೋಣೆಯ ಕತ್ತಲಿನಿಂದ ಅಮ್ಮನ ದನಿ ಬಂತು.

“ನಮ್ಮ ಬಾಲ್ಕನಿಯಲ್ಲಿ ಕಣೋ. ಮಲಗು.”

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೊದಿಕೆ ಸರಿದ ಸದ್ದು.

“ಅಪ್ಪ, ನೋಡಿಕೊಂಡು ಬರೋಣ.”

ಚೀಟಿ ನನ್ನ ಜೇಬಿನಲ್ಲಿತ್ತು.