ಬಾನೆಟ್ ಒಳಗಿನ ಉಸ್ ಸದ್ದು

ನಮಸ್ಕಾರ ಕೇಳುಗರೇ.

ನಮ್ಮ ಮನೆಯಲ್ಲಿ 1996ರ ಒಂದು ಮಾರುತಿ 800 ಇದೆ. ಅಪ್ಪ ಕೊಂಡ ಗಾಡಿ. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಇರುವ ಮಾಡೆಲ್. ಹೋದ ವರ್ಷ ಆಯುಧಪೂಜೆಗೆ ಅದನ್ನು ತೊಳೆದು, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಆ ಹುರುಪಿನಲ್ಲಿ ನಾನೇ ಏರ್ ಫಿಲ್ಟರನ್ನೂ ಬದಲಾಯಿಸಿಬಿಟ್ಟೆ. ತಪ್ಪು ಆಗಿದ್ದು ಅಲ್ಲೇ. ಅದು ಗೊತ್ತಾಗಿದ್ದು ಮಾತ್ರ ಹದಿನೈದು ದಿನ ಆದಮೇಲೆ.

ಮಾರನೇ ದಿನ ಮೈಸೂರಿನಿಂದ ಮಂಡ್ಯಕ್ಕೆ, ತಂಗಿ ಮನೆಗೆ ಹೊರಟೆ. ಹೈವೇನಲ್ಲಿ ಗಾಡಿ ಸಲೀಸಾಗಿ ಓಡಿತು. ಊರೊಳಗೆ ಸಿಗ್ನಲ್ಲಿಗೆ ನಿಲ್ಲಿಸಿದೆ ನೋಡಿ, ಗಡಗಡ ನಡುಗಿ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಆಫ್. ಹಿಂದಿನವರ ಹಾರನ್ ಬೇರೆ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಅಲ್ಲಿನ ಹುಡುಗ, ಗಾಡಿ ನಿಂತಾಗ ಎಂಜಿನ್ ಓಡುವ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಏರಿಸಿ, ‘ಸರಿಹೋಯ್ತು ಸಾರ್’ ಅಂದ. ನಿಂತಾಗ ಆಫ್ ಆಗುವುದು ನಿಂತಿತು, ನಡುಕ ನಿಲ್ಲಲಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯತೊಡಗಿತು. ಪ್ಲಗ್ ಬದಲಾಯಿಸಿದೆ. ಸುಮ್ನೆ ದುಡ್ಡು ದಂಡ.

ಕೊನೆಗೆ ನಮ್ಮ ಬೀದಿಯ ಹಳೇ ಮೇಸ್ತ್ರಿಯನ್ನು ಕರೆದೆ. ಈಗ ಅವರು ಗ್ಯಾರೇಜ್ ಬಿಟ್ಟು ಮನೆಯಲ್ಲೇ ಇದ್ದಾರೆ. ಬಾನೆಟ್ ಎತ್ತಿ ಒಂದು ನಿಮಿಷ ಸುಮ್ಮನೆ ನಿಂತರು. ‘ಕೇಳಿಸ್ತಾ ಸ್ವಾಮಿ? ಉಸ್ ಅಂತಾ ಇದೆ. ಎಲ್ಲೋ ಗಾಳಿ ಎಳೀತಾ ಇದೆ’ ಅಂದರು. ನನಗೆ ಎಂಜಿನ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಗಾಳಿ ಎಳೆಯುವುದು ಅಂದರೆ ಏನು ಅಂತ ಸ್ವಲ್ಪ ಹೇಳುತ್ತೇನೆ. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯನ್ನು ಹೀರುತ್ತದೆ. ಆಕ್ಸಿಲರೇಟರ್ ಮೇಲೆ ಕಾಲಿಲ್ಲದಾಗ ಕಾರ್ಬುರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಹೀರುವುದು ನಡೆದೇ ಇದೆ, ಬರಲು ದಾರಿ ಇಲ್ಲ. ಹಾಗಾಗಿ ಕಾರ್ಬುರೇಟರಿನಿಂದ ಸಿಲಿಂಡರಿಗೆ ಹೋಗುವ ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನೊಳಗೆ, ಒತ್ತಡ ತುಂಬಾ ಇಳಿಯುತ್ತದೆ. ಅದೇ ವ್ಯಾಕ್ಯೂಮ್. ಈ ಎಳೆತವನ್ನು ಸಣ್ಣ ರಬ್ಬರ್ ಪೈಪುಗಳಲ್ಲಿ ಬೇರೆ ಕೆಲಸಗಳಿಗೂ ಬಳಸುತ್ತಾರೆ. ಒಂದು ಪೈಪು ಕಳಚಿಕೊಂಡರೆ ಮದ್ದೂರಿನ ಎಳನೀರಿಗೆ ಸೀಳಿದ ಸ್ಟ್ರಾ ಹಾಕಿದ ಹಾಗೆ. ಎಷ್ಟು ಹೀರಿದರೂ ಬಾಯಿಗೆ ಬರುವುದು ಗಾಳಿಯೇ ಜಾಸ್ತಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಸಾಕು. ಕಳ್ಳದಾರಿಯಲ್ಲಿ ಇನ್ನಷ್ಟು ಬಂದರೆ ಮಿಸ್ಸಿಂಗ್, ಅಂದರೆ ಆಗಾಗ ಉರಿ ತಪ್ಪುವುದು, ಶುರು. ಓಡುವಾಗ ಎಂಜಿನ್ ಹೇಗೂ ತುಂಬಾ ಗಾಳಿ ಕುಡಿಯುತ್ತಿರುತ್ತದೆ, ಈ ಚೂರು ಲೆಕ್ಕಕ್ಕೇ ಬರುವುದಿಲ್ಲ. ಹೈವೇನಲ್ಲಿ ಸರಿ ಇದ್ದದ್ದು, ಸಿಗ್ನಲ್ಲಿನಲ್ಲಿ ಕೈಕೊಟ್ಟದ್ದು ಇದಕ್ಕೇ.

ಮೇಸ್ತ್ರಿ ಗೇರ್ ನ್ಯೂಟ್ರಲ್ಲಿಗೆ ಹಾಕಿಸಿ, ಹ್ಯಾಂಡ್ ಬ್ರೇಕ್ ಎಳೆಸಿದರು. ಹೆಗಲ ಮೇಲಿನ ಟವೆಲನ್ನು ತೆಗೆದಿಟ್ಟರು. ರೇಡಿಯೇಟರ್ ಫ್ಯಾನು ಕರೆಂಟಿನದು, ಯಾವ ಗಳಿಗೆಯಲ್ಲಿ ತಿರುಗುತ್ತದೋ ಹೇಳಲಾಗದು. ಆಮೇಲೆ ಗಿಡಕ್ಕೆ ನೀರು ಬಿಡುವ ಪೈಪಿನ ಎರಡಡಿ ತುಂಡನ್ನು ತಗೊಂಡು, ಒಂದು ತುದಿಯನ್ನು ಕಿವಿಗಿಟ್ಟುಕೊಂಡರು. ಇನ್ನೊಂದು ತುದಿಯನ್ನು ಎಂಜಿನ್ ಮೇಲೆ ನಿಧಾನವಾಗಿ ಆಡಿಸಿದರು. ಥೇಟ್ ಡಾಕ್ಟರೇ! ಕಾರ್ಬುರೇಟರಿನ ಹಿಂಬದಿಗೆ ಬಂದಾಗ ಪೈಪನ್ನು ನನಗೆ ಕೊಟ್ಟರು. ಆಗ ನನಗೂ ಕೇಳಿಸಿತು. ಸ್ಸ್ಸ್... ಪ್ರೆಷರ್ ಕುಕ್ಕರ್ ಕೂಗುವ ಮುಂಚಿನ ಸದ್ದು. ಕೆಲವರು ಪೆಟ್ರೋಲ್ ಚಿಮುಕಿಸಿ ಸೋರುವ ಜಾಗ ಹುಡುಕುತ್ತಾರೆ. ದಯವಿಟ್ಟು ಬೇಡ. ಎಂಜಿನ್ನಿನ ಹೊಗೆ ಹೋಗುವ ಬಿಸಿ ಪೈಪು ಪಕ್ಕದಲ್ಲೇ ಇರುತ್ತದೆ.

ಎಂಜಿನ್ ಆಫ್ ಮಾಡಿ ಟಾರ್ಚ್ ಬಿಟ್ಟರು. ಅಲ್ಲಿ ಎಲ್ಲವೂ ಎಣ್ಣೆ, ಧೂಳು ಹಿಡಿದು ಕರ್‍ರಗಿತ್ತು. ಒಂದೇ ಒಂದು ಪೈಪಿನ ಮೂತಿ ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಮೊನ್ನೆಮೊನ್ನೆಯವರೆಗೂ ಅದರ ಮೇಲೆ ರಬ್ಬರ್ ಮುಚ್ಚಿತ್ತಲ್ವಾ, ಕೊಳೆ ಕೂತಿರಲಿಲ್ಲ. ಮತ್ತೆ ಸ್ಟಾರ್ಟ್ ಮಾಡಿ ಅದಕ್ಕೆ ಬೆರಳು ಒತ್ತಿದರು. ನಡುಕ ಮಾಯ. ಬೆರಳು ತೆಗೆದರು, ಮತ್ತೆ ಗಡಗಡ.

ಎಲ್ಲ ಮೂತಿಗಳಲ್ಲೂ ಹೀಗೆ ಗೊತ್ತಾಗುವುದಿಲ್ಲ. ಎಷ್ಟೋ ಗಾಡಿಗಳಲ್ಲಿ, ಪ್ಲಗ್ಗುಗಳಿಗೆ ಕಿಡಿಯ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಪೈಪು ಕಾರ್ಬುರೇಟರಿನ ಬಾಗಿಲಿಗಿಂತ ಮೇಲಿಂದ ಹೊರಡುತ್ತದೆ. ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತವೇ ಇರುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಮಾತ್ರ. ಅದು ಕಳಚಿದರೆ ಗಾಡಿ ಆಫ್ ಆಗುವುದಿಲ್ಲ, ಪಿಕಪ್ಪು ಮತ್ತು ಮೈಲೇಜು ಬೀಳುತ್ತವೆ. ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿನ ದಪ್ಪ ಪೈಪು ಕಳಚಿದರಂತೂ ಪೆಡಲ್ ಕಲ್ಲಾಗುತ್ತದೆ. ಅಂಥ ಗಾಡಿಯಲ್ಲಿ ಚಾಮುಂಡಿ ಬೆಟ್ಟ ಇಳಿಯುವುದಿರಲಿ, ಬೀದಿಯ ಕೊನೆಗೂ ಹೋಗಬೇಡಿ.

ಮೂತಿ ಸಿಕ್ಕಿತು, ಪೈಪು ಎಲ್ಲಿ? ಏರ್ ಫಿಲ್ಟರ್ ಡಬ್ಬದ ಹಿಂದೆ ಬಿದ್ದಿತ್ತು. ಡಬ್ಬ ಎತ್ತುವಾಗ ನಾನೇ ಎಳೆದುಬಿಟ್ಟಿದ್ದೆ. ಅಲ್ಲಿ ಇನ್ನೊಂದು ಪೈಪೂ ಸಡಿಲವಾಗಿ ತೂಗುತ್ತಿತ್ತು. ಯಾವುದು ಇದರದ್ದು? ಮೇಸ್ತ್ರಿ ಎರಡನ್ನೂ ಎಳೆಯದೆ, ಬಗ್ಗಿಸದೆ ಹಾಗೇ ಬಿಟ್ಟು ನೋಡಿದರು. ಇಷ್ಟು ವರ್ಷ ಒಂದೇ ಕಡೆ ಬಾಗಿದ್ದ ರಬ್ಬರು ತಾನಾಗೇ ತನ್ನ ಮೂತಿಯ ಕಡೆ ತಿರುಗಿ ನಿಂತಿತು. ‘ಅದಕ್ಕೆ ಮನೆ ದಾರಿ ಗೊತ್ತು’ ಅಂದರು.

ಪೈಪಿನ ತುದಿ ಬಿಸಿಗೆ ಒಣಗಿ ಬಿರುಕು ಬಿಟ್ಟಿತ್ತು. ಅರ್ಧ ಇಂಚು ಕತ್ತರಿಸಿ, ಒಳ್ಳೇ ಭಾಗವನ್ನು ಬಿಗಿಯಾಗಿ ತಳ್ಳಿದರು. ಉದ್ದ ಸಾಲದಿದ್ದರೆ ವ್ಯಾಕ್ಯೂಮ್ ಪೈಪನ್ನೇ ಕೇಳಿ ತರಬೇಕಂತೆ. ಮೀನಿನ ತೊಟ್ಟಿಯ ಮೆತ್ತನೆ ಪೈಪು ಎಳೆತಕ್ಕೆ ಚಪ್ಪಟೆಯಾಗುತ್ತದೆ.

ಕೀಲಿ ತಿರುಗಿಸಿದೆ. ಎಂಜಿನ್ ‘ಭರ್ರ್’ ಅಂತ ಕಿರುಚಿತು! ಗಾಬರಿಯಾದೆ. ಮೇಸ್ತ್ರಿ ನಕ್ಕರು. ಅವತ್ತು ಮಂಡ್ಯದಲ್ಲಿ ಸೋರಿಕೆ ಮುಚ್ಚದೆ ಸ್ಕ್ರೂ ಏರಿಸಿದ್ದರಲ್ಲ, ಅದು ಹಾಗೇ ಉಳಿದಿತ್ತು. ಸ್ಕ್ರೂ ಡ್ರೈವರನ್ನು ನನ್ನ ಕೈಗೇ ಕೊಟ್ಟರು. ಕಾಲು ಸುತ್ತು, ಇನ್ನೊಂದು ಕಾಲು, ಇನ್ನೂ ಸ್ವಲ್ಪ. ಎಂಜಿನ್ ಸದ್ದು ತಣ್ಣಗಾಯಿತು. ಒಳಗಿನಿಂದ ಅಮ್ಮ, ‘ಗಾಡಿ ಮತ್ತೆ ಆಫ್ ಆಯ್ತೇನೋ?’ ಅಂತ ಕೂಗಿದರು.

ಆಫ್ ಆಗಿರಲಿಲ್ಲ.

ನಮಸ್ಕಾರ.